ಕ್ರಿಸ್ತೀ ವಾಙ್ಮಯದಲ್ಲಿ ಲೋಭ ಮತ್ತು ಸಂತೃಪ್ತಿ

ಕ್ರಿಸ್ತೀ ಧರ್ಮವು ದ್ರವ್ಯದ ವಿಷಯದಲ್ಲಿ ಏನು ಹೇಳುವದೆಂದು ಕೇಳಿದರೆ ಸುಶಿಕ್ಷಿತರ ಮನೆಗಳಲ್ಲಿ ಎರಡು ಬಗೆಯ ಉತ್ತರಗಳು ದೊರೆಯುವವು. ಅದು ಬಡತನವನ್ನೇ ಹೊಗಳುವ ಧರ್ಮ. ಹೊಲದ ಹೂವನ್ನೂ ಆಕಾಶದ ಹಕ್ಕಿಯನ್ನೂ ತೋರಿಸಿ ನಾಳಿನ ಚಿಂತೆಯನ್ನು ಬಿಡೆನ್ನುವದು. ಸಂಸಾರಿಗೆ ಅದು ಸಾಗದ ಮಾತು ಎಂಬುದು ಒಂದು. ಬಾಯಲ್ಲಿ ಹಾಗೆ ಹೇಳಿದವರೇ ಮಂಗಳೂರಲ್ಲಿ ಹಂಚಿನ ಕಾರಖಾನೆ ಹೂಡಿದರು, ಮಗ್ಗ ನಡೆಯಿಸಿದರು, ಬಂಗಲೆಗಳಲ್ಲಿ ವಾಸಿಸಿದರು ಎಂಬುದು ಇನ್ನೊಂದು. ಮೊದಲನೆಯದು ಉಪೇಕ್ಷೆಯಿಂದಲೂ ಎರಡನೆಯದು ಕುಚೋದ್ಯದಿಂದಲೂ ಹುಟ್ಟಿದ ಮಾತುಗಳು. ಎರಡಕ್ಕೂ ಸಮಾನವಾದ ದೋಷವೊಂದುಂಟು. ಮೂಲಗ್ರಂಥವನ್ನು ತೆರೆದು ನೋಡದಿರುವದೇ ಅದು.

ಗ್ರಂಥವೇನೋ ಕನ್ನಡಕ್ಕೆ ಹೊಸದಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸನು ಅದನ್ನು ಕನ್ನಡಿಸತೊಡಗಿದನು. 1834ರಲ್ಲಿ ಮಂಗಳೂರು, 1837ರಲ್ಲಿ ಧಾರವಾಡ, 1841ರಲ್ಲಿ ಬೆಟಗೇರಿ, ಹೀಗೆ ನೆಲೆಯೂರಿದ ಬಾಸೆಲ್ ಮಿಶನ್ನಿನವರು ಆ ಭಾಷಾಂತರವನ್ನು ತಿದ್ದಿದರು. ನಿಘಂಟುಕಾರನೆಂದು ಎಲ್ಲರಿಗೂ ಗೊತ್ತಿರುವ ಕಿಟೆಲ್ಲನು 1862ರಲ್ಲಿ ‘ಕಥಾಮಾಲೆ’ಯೆಂಬ ಹೆಸರಿನಿಂದ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೇ ಇಳಿಸಿದನು. ಆದರೂ ಪಂಡಿತವರ್ಗವು ಈ ವಾಙ್ಮಯವನ್ನು ದೂರದಿಂದಲೇ ನೋಡಿತು. ಗದ್ಯವು ಹಲವೆಡೆ ಮೊಂಡಾಗಿದೆ, ಕ್ರಿಯಾಪದಗಳು ಎಡವುತ್ತವೆ ಎಂಬ ಆಕ್ಷೇಪವು ಸುಳ್ಳಲ್ಲ. ಆದರೆ ಹೊಟ್ಟಿಗಾಗಿ ಕಾಳನ್ನು ಚೆಲ್ಲಿದಂತಾಯಿತು.

ಲೋಭದ ವಿಚಾರಕ್ಕೆ ಪ್ರಧಾನವಾದ ಸ್ಥಳವು ಲೂಕನ ಸುವಾರ್ತೆಯ ಹನ್ನೆರಡನೆಯ ಅಧ್ಯಾಯದಲ್ಲಿದೆ. ಯೇಸುವು ಜನಸಮೂಹಕ್ಕೆ ಬೋಧಿಸುತ್ತಿರುವಾಗ ಗುಂಪಿನೊಳಗಿಂದ ಒಬ್ಬನು ಎದ್ದು, ತನ್ನ ಅಣ್ಣನು ಪಿತ್ರಾರ್ಜಿತವನ್ನು ಹಂಚಿಕೊಡುವಂತೆ ಹೇಳಬೇಕೆಂದು ಬಿನ್ನವಿಸುತ್ತಾನೆ. (ಅಣ್ಣನೆಂದು ಮೂಲದಲ್ಲಿ ಸ್ಪಷ್ಟವಾಗಿಲ್ಲ, ಆಸ್ತಿಯು ಯಾರ ಕೈಯಲ್ಲಿತ್ತೆಂಬುದರಿಂದ ಊಹಿಸತಕ್ಕದ್ದು.) ಯೇಸುವು ನ್ಯಾಯಾಧಿಪತಿಯ ಪದವಿಯನ್ನು ನಿರಾಕರಿಸಿ, ಲೋಭದ ವಿಷಯದಲ್ಲಿ ಎಚ್ಚರದಿಂದಿರಬೇಕೆಂದು ಹೇಳಿ ಒಂದು ಸಾಮ್ಯವನ್ನು ಕಥಿಸುತ್ತಾನೆ. ಒಬ್ಬ ಧನಿಕನ ಭೂಮಿಯು ಚೆನ್ನಾಗಿ ಬೆಳೆಯಿತು. ಬೆಳೆಯನ್ನು ತುಂಬಲು ಸ್ಥಳ ಸಾಲದೆ ಅವನು ಹಳೆಯ ಕಣಜಗಳನ್ನು ಕೆಡವಿ ದೊಡ್ಡವನ್ನು ಕಟ್ಟಿಸುವೆನೆಂದೂ, ಬಹಳ ವರುಷಗಳಿಗೆ ಸಾಕಾಗುವಷ್ಟಿರುವದರಿಂದ ಉಂಡು ಕುಡಿದು ಸುಖವಾಗಿರುವೆನೆಂದೂ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾನೆ. ಆ ರಾತ್ರಿಯೇ ಅವನ ಪ್ರಾಣವು ಹೋಗತಕ್ಕದ್ದೆಂದು ದೇವರು ಅವನನ್ನು ಮೂಢನೆಂದು ಕರೆಯುತ್ತಾನೆ. ಕಥೆಯು ಇಷ್ಟೇ.

ಮೇಲುನೋಟಕ್ಕೆ ಇದರಲ್ಲಿ ಅಪೂರ್ವವಾದುದೇನೂ ಇಲ್ಲ. ಸಾವು ಬರುವಾಗ ಸಿರಿಯು ಬಾರದೆಂಬುದನ್ನು ಭರ್ತೃಹರಿಯ ಓದುಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಆದರೆ ಕಥೆಯ ವಾಕ್ಯರಚನೆಯನ್ನು ವ್ಯಾಕರಣದ ಕಣ್ಣಿನಿಂದ ನೋಡಿದವನಿಗೆ ಬೇರೆಯದೇ ಒಂದು ಸಂಗತಿಯು ಕಾಣುವದು. ಮೊದಲನೆಯ ವಾಕ್ಯದಲ್ಲಿ ಕರ್ತೃಪದವು ಭೂಮಿ, ಧನಿಕನಲ್ಲ. ಬೆಳೆದದ್ದು ಭೂಮಿ, ಅವನಿಗೆ ಅಲ್ಲಿ ಷಷ್ಠೀವಿಭಕ್ತಿಯ ಸ್ಥಾನ ಮಾತ್ರ. ಅವನು ಬಾಯ್ದೆರೆದೊಡನೆ ಕರ್ತೃವು ಬದಲಾಗುತ್ತದೆ. ಕೆಡವುವವನು ತಾನು, ಕಟ್ಟುವವನು ತಾನು, ತುಂಬುವವನು ತಾನು. ಬೆಳೆಯು ನನ್ನದು, ಕಣಜವು ನನ್ನದು, ಒಡವೆಯು ನನ್ನದು, ಕಡೆಗೆ ಪ್ರಾಣವೂ ನನ್ನದು ಎಂದು ನಾಲ್ಕು ಸಾರಿ ಮಮಕಾರವು ಬರುತ್ತದೆ. ಹೆಂಡತಿ, ಮಗು, ಒಕ್ಕಲು, ಆಳು, ಬಿಕ್ಷುಕ ಇವರಲ್ಲಿ ಒಬ್ಬರೂ ಆ ಕಥೆಯಲ್ಲಿಲ್ಲ. ಸುಗ್ಗಿಯ ಕಣದಲ್ಲಿ ಒಬ್ಬನೇ ನಿಂತಿರುವ ರೈತನನ್ನು ಈ ಸೀಮೆಯಲ್ಲಿ ಯಾರಾದರೂ ಕಂಡದ್ದುಂಟೇ? ಆಯಗಾರರು ಬಂದು ನಿಲ್ಲದ ಕಣವುಂಟೇ? ಇನ್ನೊಂದು ಸೂಕ್ಷ್ಮವು ಕಥೆಯ ಅಂತ್ಯದಲ್ಲಿದೆ. ಪ್ರಾಣವು ಹೋಗುವದನ್ನು ಹೇಳಲು ಗ್ರೀಕ ಮೂಲದಲ್ಲಿ ಬಳಸಿರುವ ಕ್ರಿಯಾಪದಕ್ಕೆ ಕೊಟ್ಟದ್ದನ್ನು ಮರಳಿ ಕೇಳುವದೆಂಬ ಅರ್ಥವಿದೆ. ಸಾಲವನ್ನೋ ನ್ಯಾಸವನ್ನೋ ಹಿಂದಕ್ಕೆ ಬೇಡುವಾಗಿನ ಮಾತು ಅದು. ನನ್ನದೆಂದು ನಾಲ್ಕನೆಯ ಸಾರಿ ಹೇಳಿದ ಪ್ರಾಣವು ಇಟ್ಟುಕೊಂಡ ನಿಕ್ಷೇಪವಾಗಿತ್ತು. ಭಾಷಾಂತರಗಳಲ್ಲಿ ಈ ಧ್ವನಿಯು ಮಸುಕಾದದ್ದು ವಿಷಾದದ ಸಂಗತಿ.

ಈಗ ‘ಲೋಭ’ವೆಂಬ ಪದದ ವಿಚಾರ. ಧಾತುಪಾಠದಲ್ಲಿ ಲುಭ್ ಧಾತುವಿಗೆ ಗಾರ್ಧ್ಯವೆಂದೊಂದು, ವಿಮೋಹನವೆಂದೊಂದು, ಹೀಗೆ ಎರಡು ಅರ್ಥಗಳನ್ನು ಹೇಳಿದೆ. ಗಾರ್ಧ್ಯದ ಮೂಲವಾದ ಗೃಧ್ ಧಾತುವಿನಿಂದಲೇ ಹದ್ದಿಗೆ ಗೃಧ್ರವೆಂಬ ಹೆಸರು. ಈಶಾವಾಸ್ಯದ ಮೊದಲ ಮಂತ್ರವು ನಿಷೇಧಿಸುವದೂ ಅದೇ ಧಾತುವಿನ ಕ್ರಿಯೆಯನ್ನು. ಹೀಗೆ ಸಂಸ್ಕೃತದ ಲೋಭವು ಪ್ರಧಾನವಾಗಿ ಮನಸ್ಸಿನ ಒಂದು ವಿಕಾರ, ಅರಿಷಡ್ವರ್ಗದಲ್ಲಿ ಒಂದು. ಲೂಕನು ಬಳಸಿರುವ ಪ್ಲಿಯೊನೆಕ್ಸಿಯಾ ಎಂಬ ಗ್ರೀಕ ಪದದ ರಚನೆಯು ಬೇರೆ. ‘ಹೆಚ್ಚು’ ಮತ್ತು ‘ಹೊಂದಿರುವದು’ ಎಂಬೆರಡು ಮಾತುಗಳು ಕೂಡಿ ಅದಾಗಿದೆ. ಹೆಚ್ಚೆಂದೊಡನೆ ಯಾರಿಗಿಂತ, ಎಷ್ಟಕ್ಕಿಂತ ಎಂಬ ಆಕಾಂಕ್ಷೆಯು ತಾನಾಗಿಯೇ ಹುಟ್ಟುವದು. ಕಾಡಿನಲ್ಲಿ ಒಬ್ಬನೇ ಇರುವವನೂ ಲುಬ್ಧನಾಗಬಹುದು; ಪ್ಲಿಯೊನೆಕ್ಸಿಯಾಕ್ಕೆ ಮಾತ್ರ ಇನ್ನೊಬ್ಬನು ಬೇಕು, ಅವನ ಪಾಲು ಬೇಕು. ಕನ್ನಡದಲ್ಲಿ ಲೋಭವೆಂದು ಓದಿದೊಡನೆ ಜಿಪುಣನ ಮುಖವು ಕಣ್ಣ ಮುಂದೆ ಬರುವದರಿಂದ, ಈ ಎರಡನೆಯ ಮನುಷ್ಯನು ಓದುಗನ ದೃಷ್ಟಿಯಿಂದ ತಪ್ಪಿಹೋಗುತ್ತಾನೆ. ಪೌಲನು ಕೊಲೊಸ್ಸೆಯವರಿಗೆ ಬರೆಯುತ್ತ ಈ ದೋಷವನ್ನು ವಿಗ್ರಹಾರಾಧನೆಗೆ ಸಮಾನವೆಂದದ್ದು ಪ್ರಸಿದ್ಧವೇ. ಮೂರ್ತಿಪೂಜೆಯನ್ನು ಹಳಿಯುವದರಲ್ಲಿ ಮಿಶನರಿಗಳು ತೋರಿದ ಉತ್ಸಾಹದ ಅರ್ಧವನ್ನು ಈ ವಾಕ್ಯದ ಮೇಲೆ ವೆಚ್ಚ ಮಾಡಿದ್ದರೆ ವಾದಗಳ ಸ್ವರೂಪವೇ ಬೇರೆಯಾಗುತ್ತಿತ್ತೇನೋ.

ಅದಿರಲಿ. ನಿಜವಾದ ಕಷ್ಟವಿರುವದು ಕಥೆಯಲ್ಲಲ್ಲ, ಕಥೆಗೆ ಕಾರಣವಾದ ಪ್ರಶ್ನೆಯಲ್ಲಿ. ಪಿತ್ರಾರ್ಜಿತದಲ್ಲಿ ಪಾಲು ಕೇಳುವದು ಲೋಭವೇ? ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ಕಲ್ಯಾಣದಲ್ಲಿದ್ದು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನನ್ನು ಕೇಳಿದ್ದರೆ ಅವನು ಅಲ್ಲವೆನ್ನುತ್ತಿದ್ದನು. ಮಗನಿಗೆ ಪಿತಾಮಹನ ದ್ರವ್ಯದಲ್ಲಿ ಹುಟ್ಟಿನಿಂದಲೇ ಸ್ವತ್ವವುಂಟೆಂಬುದು ಅವನ ಸಿದ್ಧಾಂತ. ತನ್ನದನ್ನು ತಾನು ಕೇಳುವವನು ಲುಬ್ಧನಾಗಲಾರ. ಮೋಶೆಯ ಧರ್ಮಶಾಸ್ತ್ರದಲ್ಲಿಯೂ ಹಿರಿಯ ಮಗನಿಗೆ ಎರಡು ಪಾಲೆಂದು ಹೇಳಿರುವದರಿಂದ ಉಳಿದವರಿಗೂ ಪಾಲುಂಟೆಂಬುದು ಸಿದ್ಧವಾಯಿತು. ಹೀಗಿರಲು ನ್ಯಾಯವನ್ನು ಬೇಡಿ ಬಂದವನಿಗೆ ಲೋಭದ ಉಪದೇಶವನ್ನು ಮಾಡಿ ಕಳಿಸಿದ್ದು ಹೇಗೆ ಸರಿ? ಕ್ರಿಸ್ತೀ ವ್ಯಾಖ್ಯಾನಕಾರರಲ್ಲಿ ಹಲವರು ಈ ಪ್ರಶ್ನೆಯ ಬಳಿಯಲ್ಲಿ ನಿಲ್ಲದೆ, ಪಾಲು ಕೇಳಿದವನ ಮನಸ್ಸಿನಲ್ಲಿ ಆಶೆಯಿತ್ತೆಂದು ಊಹಿಸಿ ಮುಂದೆ ಸಾಗುತ್ತಾರೆ. ಅದು ಸುಲಭವಾದ ಮಾರ್ಗವೇ ಹೊರತು ಸಮಾಧಾನವಲ್ಲ.

ಪಾಠವನ್ನು ಇನ್ನೊಮ್ಮೆ ನೋಡಬೇಕು. ನ್ಯಾಯಾಧಿಪತಿಯಾಗಲಾರೆನೆಂಬ ಮಾತು ಕೇಳಿದವನೊಬ್ಬನಿಗೆ. ಲೋಭದ ಎಚ್ಚರಿಕೆಯು ಮಾತ್ರ ಬಹುವಚನದಲ್ಲಿ, ಅಲ್ಲಿದ್ದ ಎಲ್ಲರಿಗೆ. ಅಲ್ಲದೆ ಸಾಮ್ಯದಲ್ಲಿ ಮೂಢನೆನಿಸಿಕೊಂಡವನು ಪಾಲು ಕೇಳುವ ಬಡವನಲ್ಲ, ತುಂಬಿದ ಕಣಜದ ಒಡೆಯನು. ಆಸ್ತಿಯನ್ನು ಹಿಡಿದು ಕುಳಿತವನು ಆ ಪ್ರಸಂಗದಲ್ಲಿ ಯಾರು? ಅಣ್ಣನು. ಕಥೆಯ ಬಾಣವು ಎದುರಿಗೆ ನಿಂತವನನ್ನು ದಾಟಿ, ಗುಂಪಿನಲ್ಲಿ ಇದ್ದನೋ ಇಲ್ಲವೋ ತಿಳಿಯದ ಆ ಅಣ್ಣನಿಗೆ ನಾಟುವಂತಿದೆ. ತಮ್ಮನನ್ನೂ ಅದು ಬಿಡುವದಿಲ್ಲವೆನ್ನುವದು ನಿಜ; ಪಾಲು ದೊರೆತ ಮರುದಿನವೇ ಅವನೂ ಒಂದು ಕಣಜದ ಒಡೆಯನಾಗುವನು. ಆದರೆ ಸಂತೃಪ್ತಿಯ ಉಪದೇಶವನ್ನು ಕೈಯಲ್ಲಿಲ್ಲದವನಿಗೇ ಮೀಸಲಿಟ್ಟ ವ್ಯಾಖ್ಯಾನಕ್ಕೆ ಈ ಕಥೆಯಲ್ಲಿ ಆಧಾರವಿಲ್ಲ.

ಇದು ಕೇವಲ ಪಾಠನಿರ್ಣಯದ ಮಾತಲ್ಲ. 1956ರ ಹಿಂದೂ ಉತ್ತರಾಧಿಕಾರದ ಕಾಯದೆಗೆ 2005ರಲ್ಲಿ ತಿದ್ದುಪಡಿಯಾಗಿ ಒಟ್ಟುಮನೆಯ ಆಸ್ತಿಯಲ್ಲಿ ಹೆಣ್ಣುಮಗಳಿಗೆ ಗಂಡುಮಗನ ಸಮನಾದ ಹಕ್ಕು ಬಂದಿದೆ. ಹಿರೇಹಂದಿಗೋಳದಂಥ ಗದಗದ ಬದಿಯ ಯಾವ ಊರಿನಲ್ಲಿಯಾದರೂ ಹೋಗಿ ನೋಡಿದರೆ, ವಾಟ್ನಿಯ ಕಾಲಕ್ಕೆ ತವರಿಗೆ ಬಂದು ನನ್ನದೆಷ್ಟೆಂದು ಕೇಳಿದ ಮಗಳಿಗೆ ಆಶೆಬುರುಕಿಯೆಂಬ ಬಿರುದು ತಪ್ಪುವದಿಲ್ಲ. ಗಂಡನ ಮನೆಯಲ್ಲಿ ಉಂಡುಟ್ಟು ಸುಖವಾಗಿರುವೆ, ಇದ್ದುದರಲ್ಲಿ ತೃಪ್ತಿ ಪಡಬೇಕವ್ವಾ ಎಂದು ಹಿರಿಯರು ಹೇಳುವರು. ಹೇಳುವವರ ಕೈಯಲ್ಲಿ ಹಕ್ಕು ಬಿಟ್ಟುಕೊಟ್ಟ ಕಾಗದವು ಸಹಿಗಾಗಿ ಸಿದ್ಧವಾಗಿರುವದು. ಪಂಚಮಿಗೊಂದು ಸೀರೆ, ಉಡಿ ತುಂಬಲಿಕ್ಕೆ ಒಂದು ಕುಬಸದ ಕಣ, ಇಷ್ಟಕ್ಕೆ ತವರಿನ ಋಣವು ತೀರಿತೆಂದು ಲೆಕ್ಕ. ಅಂಥ ಸಭೆಯಲ್ಲಿ ಲೂಕನ ಈ ಅಧ್ಯಾಯವನ್ನು ಓದಿದರೆ ಯಾರು ತಲೆ ತಗ್ಗಿಸಬೇಕಾಗುವದೆಂಬುದನ್ನು ವಾಚಕರೇ ನಿರ್ಣಯಿಸಲಿ.

ಪಾಲಿನ ಪ್ರಶ್ನೆಯು ಈ ನಾಡಿನ ಕ್ರೈಸ್ತರಿಗೂ ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಮತಾಂತರ ಹೊಂದಿದವನು ಪತಿತನೆನಿಸಿ ಪಿತ್ರಾರ್ಜಿತದ ಹಕ್ಕನ್ನು ಕಳಕೊಳ್ಳುವದು ಹಿಂದಿನ ವ್ಯವಹಾರವಾಗಿತ್ತು. 1850ರ 21ನೆಯ ಕಾಯದೆಯು ಧರ್ಮ ಬಿಟ್ಟ ಮಾತ್ರಕ್ಕೆ ಹಕ್ಕು ಹೋಗಬಾರದೆಂದು ವಿಧಿಸಿತು. ಆದರೆ ಕಾಯದೆಯು ಕಾಗದದ ಮೇಲಿದ್ದರೆ ಹೊಲವು ಅಣ್ಣತಮ್ಮಂದಿರ ಕೈಯಲ್ಲಿತ್ತು. ಮನೆ, ಕಸುಬು, ಕುಲದ ಆಸರೆ ಮೂರೂ ಒಮ್ಮೆಗೇ ತಪ್ಪಿದವರಿಗೆ ಅನ್ನದ ದಾರಿಯನ್ನು ಮಾಡಬೇಕಾದ್ದರಿಂದಲೇ ಬಾಸೆಲ್ ಮಿಶನ್ನಿನ ಮಗ್ಗಗಳೂ 1865ರಲ್ಲಿ ಮಂಗಳೂರಲ್ಲಿ ಆರಂಭವಾದ ಹಂಚಿನ ಕಾರಖಾನೆಯೂ ಹುಟ್ಟಿದವು. ಅವುಗಳನ್ನು ಕೇವಲ ಲೋಭದ ಫಲವೆಂದು ಜರೆಯುವದು ಅನ್ಯಾಯ. ಹಾಗೆಂದು ಕುಚೋದ್ಯಗಾರರ ಮಾತಿನಲ್ಲಿ ಹುರುಳೇ ಇಲ್ಲವೆಂದಲ್ಲ. ಅನ್ನದಾನಕ್ಕೆಂದು ಹೂಡಿದ ಉದ್ಯೋಗವು ವ್ಯಾಪಾರವಾಗಿ ಬೆಳೆದು, ಅದಕ್ಕೊಂದು ಬೇರೆ ಕಂಪನಿಯಾಗಿ, ಲಾಭದ ಲೆಕ್ಕ ಬಂದಮೇಲೆ ಕಣಜವು ದೊಡ್ಡದಾಗುತ್ತಲೇ ಹೋಯಿತು. ಮೊದಲನೆಯ ಮಹಾಯುದ್ಧದಲ್ಲಿ ಆಂಗ್ಲ ಸರಕಾರವು ಅವನ್ನು ವಶಪಡಿಸಿಕೊಂಡು, ಬಳಿಕ ಅವು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದದ್ದು ಇತಿಹಾಸಪ್ರಸಿದ್ಧ. ಒಂದೇ ರಾತ್ರಿಯಲ್ಲಲ್ಲದಿದ್ದರೂ ಕೆಲವೇ ವರುಷಗಳಲ್ಲಿ ಎಲ್ಲವೂ ಪರರದಾಯಿತು.

ಹಾಗಾದರೆ ಸಂಗ್ರಹವೇ ದೋಷವೇ? ಎರೆಸೀಮೆಯ ಒಕ್ಕಲಿಗನು ಇದಕ್ಕೆ ಒಪ್ಪಲಾರ. ಈಗ ಬಹುಮಟ್ಟಿಗೆ ಮುಚ್ಚಿಹೋಗಿರುವ ಹಗೇವುಗಳನ್ನು ಅವನ ಅಜ್ಜ ಮುತ್ತಜ್ಜರು ಮನೆಯ ಮುಂದಿನ ನೆಲದಲ್ಲಿ ತೋಡಿದ್ದು ಮೋಜಿಗಲ್ಲ. ಒಳಗೆ ಹುಲ್ಲನ್ನು ಹೊದಿಸಿ, ಜೋಳವನ್ನು ಸುರಿದು, ಬಾಯಿಗೆ ಬಂಡೆಯನ್ನಿಟ್ಟು ಮಣ್ಣು ಮೆತ್ತಿದರೆ ಕಾಳು ವರುಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಮಳೆ ಕೈಕೊಡುವ ನಾಡಿನಲ್ಲಿ ಬದುಕಿದವರ ಬುದ್ಧಿ ಅದು. 1876ರಿಂದ 78ರ ವರೆಗಿನ ಬರಗಾಲದಲ್ಲಿ ಧಾರವಾಡ, ಬಿಜಾಪುರ, ಬಳ್ಳಾರಿ ಸೀಮೆಗಳು ಪಟ್ಟ ಪಾಡನ್ನು ಅರಿತವರು ಹಗೇವನ್ನು ಹಳಿಯಲಾರರು. ಬೈಬಲ್ಲೂ ಹಳಿಯುವದಿಲ್ಲ. ಐಗುಪ್ತ ದೇಶದಲ್ಲಿ ಏಳು ವರುಷದ ಸುಭಿಕ್ಷದ ಧಾನ್ಯವನ್ನು ಕೂಡಿಟ್ಟು ಮುಂದಿನ ಏಳು ವರುಷದ ಕ್ಷಾಮದಲ್ಲಿ ಜನರನ್ನು ಉಳಿಸಿದ ಯೋಸೇಫನನ್ನು ಅದು ಪ್ರಾಜ್ಞನೆಂದು ಹೊಗಳುತ್ತದೆ. ಕಣಜವು ಎರಡು ಕಥೆಗಳಲ್ಲಿಯೂ ಒಂದೇ. ಅದರ ಬಾಗಿಲು ಯಾರಿಗಾಗಿ ತೆರೆಯಿತೆಂಬುದರಲ್ಲಿ ಭೇದ. ಆದರೂ ಇಲ್ಲೊಂದು ಆಕ್ಷೇಪಕ್ಕೆ ಎಡೆಯುಂಟು. ಆ ಧಾನ್ಯವನ್ನು ಯೋಸೇಫನು ಪುಕ್ಕಟೆಯಾಗಿ ಕೊಡಲಿಲ್ಲ. ಮೊದಲು ಹಣಕ್ಕೆ, ಆ ಮೇಲೆ ದನಗಳಿಗೆ, ಕಡೆಗೆ ಹೊಲಗಳಿಗೂ ಜನರ ದೇಹಗಳಿಗೂ ಮಾರಿ ಎಲ್ಲವನ್ನೂ ಅರಸನ ಸ್ವತ್ತು ಮಾಡಿದನೆಂದು ಅದೇ ಪುಸ್ತಕದಲ್ಲಿದೆ. ಸಭೆಗಳಲ್ಲಿ ಉಪದೇಶಿಸುವವರು ಈ ಭಾಗವನ್ನು ಓದುವದು ವಿರಳ.

ಎಷ್ಟಿದ್ದರೆ ಸಾಕೆಂಬುದಕ್ಕೆ ಜೈನರು ಸ್ಪಷ್ಟವಾದ ಉತ್ತರವನ್ನು ಕೊಟ್ಟರು. ಲಕ್ಷ್ಮೇಶ್ವರದ ಬಸದಿಗಳಲ್ಲಿ ಶತಮಾನಗಳಿಂದ ಬೋಧಿಸಲ್ಪಟ್ಟ ಪರಿಗ್ರಹಪರಿಮಾಣವ್ರತವು ಹೊಲ, ಮನೆ, ಚಿನ್ನ, ಧಾನ್ಯ, ಪಶುಗಳಿಗೆ ಗೃಹಸ್ಥನು ತಾನೇ ಒಂದು ಮಿತಿಯನ್ನು ಹಾಕಿಕೊಳ್ಳಬೇಕೆನ್ನುತ್ತದೆ. ಯೇಸುವು ಇಂಥ ಅಳತೆಯನ್ನು ಎಲ್ಲಿಯೂ ಕೊಡಲಿಲ್ಲ. ಧನಿಕನಾದ ಒಬ್ಬನಿಗೆ ಎಲ್ಲವನ್ನೂ ಮಾರಿ ಬಡವರಿಗೆ ಕೊಡೆಂದನು; ಸುಂಕದ ಜಕ್ಕಾಯನು ಅರ್ಧವನ್ನು ಕೊಡುವೆನೆಂದಾಗ ಅದಕ್ಕೇ ಮೆಚ್ಚಿದನು. ಗೃಹಸ್ಥನ ದೃಷ್ಟಿಯಿಂದ ಜೈನರ ಮಾರ್ಗವೇ ಹೆಚ್ಚು ಆಚರಣೀಯವೆನ್ನದೆ ನಿರ್ವಾಹವಿಲ್ಲ.

ಸಂತೃಪ್ತಿಯ ವಿಷಯದಲ್ಲಿ ಪೌಲನ ಪತ್ರಗಳೇ ಪ್ರಮಾಣ. ಅವನು ಬಳಸುವ ಔತಾರ್ಕೆಯಾ ಎಂಬ ಪದವು ಗ್ರೀಕ ತತ್ತ್ವಜ್ಞಾನಿಗಳಾದ ಸ್ತೋಯಿಕರಿಗೆ ಪ್ರಿಯವಾದುದು. ತನಗೆ ತಾನೇ ಸಾಕು, ಅನ್ಯರ ಹಂಗಿಲ್ಲವೆಂಬುದು ಅದರ ಭಾವ. ಪೌಲನು ಕೊರಿಂಥದಲ್ಲಿ ಗುಡಾರ ಮಾಡುವ ಕಸುಬಿನಿಂದ ಹೊಟ್ಟೆ ಹೊರೆದವನು. ಕನ್ನಡದ ಓದುಗನಿಗೆ ಕೂಡಲೇ ಕಾಯಕದ ನೆನಪಾಗುವದು ಸಹಜ, ಮತ್ತು ಆ ಹೋಲಿಕೆಯು ವ್ಯರ್ಥವಲ್ಲ. ಆದರೆ ಫಿಲಿಪ್ಪಿಯವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ವಿಚಿತ್ರವಾದ ಸಂಗತಿಯೊಂದಿದೆ. ಸೆರೆಯಲ್ಲಿದ್ದ ಪೌಲನಿಗೆ ಅವರು ಕಾಣಿಕೆಯನ್ನು ಕಳಿಸಿದ್ದರು. ಅವನು ಕೃತಜ್ಞತೆಯನ್ನು ಹೇಳುತ್ತಲೇ, ಇದ್ದರೂ ಇಲ್ಲದಿದ್ದರೂ ತೃಪ್ತನಾಗಿರಲು ಕಲಿತಿರುವೆನೆನ್ನುತ್ತಾನೆ. ಹಾಗೆ ಹೇಳುತ್ತಲೇ ಕಾಣಿಕೆಯನ್ನು ಇಟ್ಟುಕೊಳ್ಳುತ್ತಾನೆ. ಸ್ತೋಯಿಕನಿಗೆ ಇದು ಸೋಲು.

ಮೋಳಿಗೆಯ ಮಾರಯ್ಯನ ಕಥೆಯು ಇದಕ್ಕೆ ಇದಿರಾಗಿ ನಿಲ್ಲುವದು. ಕಾಶ್ಮೀರದ ಅರಸುತನವನ್ನು ಬಿಟ್ಟು ರಾಣಿಯೊಡನೆ ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆಯನ್ನು ಮಾರಿ ದಾಸೋಹ ನಡೆಯಿಸುತ್ತಿದ್ದ ಆತನ ಗುಡಿಸಲಿನಲ್ಲಿ ಬಸವಣ್ಣನವರು ಗುಟ್ಟಾಗಿ ಹೊನ್ನನ್ನು ಇಟ್ಟು ಬಂದರೆಂದೂ, ಆತನು ಅದನ್ನು ತನಗೆ ಬಗೆದ ಅಪಚಾರವೆಂದೇ ತಿಳಿದು ಜಂಗಮರಿಗೆ ಕೊಟ್ಟುಬಿಟ್ಟನೆಂದೂ ಪುರಾಣಗಳು ಹೇಳುವವು. ಆಯ್ದಕ್ಕಿ ಮಾರಯ್ಯನ ಹೆಂಡತಿಯಾದ ಲಕ್ಕಮ್ಮನಂತೂ, ಗಂಡನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ದಿನ ಅದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದಳು. ಶರಣರ ತೃಪ್ತಿಯು ಕೈ ಮುಚ್ಚಿಕೊಳ್ಳುವ ತೃಪ್ತಿ. ಅದರ ತೇಜಸ್ಸಿಗೆ ಸಾಟಿಯಿಲ್ಲ. ಪೌಲನದು ಕೈಯೊಡ್ಡಿಯೂ ಕುಗ್ಗದ ತೃಪ್ತಿ. ಕೊಟ್ಟವರ ಮನಸ್ಸು ದೊಡ್ಡದಾಗಲೆಂದು ತೆಗೆದುಕೊಳ್ಳುವದು ಮಾರಯ್ಯನಿಗೆ ಸಮ್ಮತವಾಗುತ್ತಿರಲಿಲ್ಲ. ಯಾವುದು ಮೇಲೆಂಬುದನ್ನು ತೂಗುವದಕ್ಕಿಂತ, ಯಾವುದು ಹೆಚ್ಚು ಅಪಾಯಕರವೆಂದು ಕೇಳುವದು ಯುಕ್ತ. ಮೊದಲನೆಯದು ಗರ್ವಕ್ಕೂ ಎರಡನೆಯದು ಪರೋಪಜೀವನಕ್ಕೂ ಜಾರಬಲ್ಲದು. ಮಠಗಳೂ ಚರ್ಚುಗಳೂ ಈ ಎರಡನೆಯ ಇಳಿಜಾರಿನಲ್ಲಿ ಜಾರಿದ ಉದಾಹರಣೆಗಳನ್ನು ಹುಡುಕಿಕೊಂಡು ದೂರ ಹೋಗಬೇಕಾದುದಿಲ್ಲ.

ಈ ಎರಡು ಪರಂಪರೆಗಳನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡಿದ್ದ ಕನ್ನಡಿಗರು ಉತ್ತಂಗಿ ಚನ್ನಪ್ಪನವರು (1881-1962). ಬಾಸೆಲ್ ಮಿಶನ್ನಿನ ಪಾದ್ರಿಗಳಾಗಿದ್ದ ಅವರು ಊರೂರು ತಿರುಗಿ ಸರ್ವಜ್ಞನ ತ್ರಿಪದಿಗಳನ್ನು ಕಲೆಹಾಕಿ 1924ರಲ್ಲಿ ಪ್ರಕಟಿಸಿದರು. ಮೋಳಿಗೆ ಮಾರಯ್ಯ, ರಾಣಿ ಮಹಾದೇವಿಯರ ವಚನಗಳ ಸಂಪಾದನೆಗೂ ಕೈಹಚ್ಚಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯು ಅವರಿಗೆ ಬಂದಿತು. ‘ತಿರುಳ್ಗನ್ನಡದ ತಿರುಕ’ರೆಂಬುದು ಅವರಿಗೆ ನಿಂತ ಹೆಸರು. ಪರರ ಬಾಯಿಂದ ಪದ್ಯಗಳನ್ನು ಬೇಡಿ ತಂದು ನಾಡಿಗೇ ಹಿಂದಿರುಗಿಸಿದ ಈ ತಿರುಕತನದಲ್ಲಿ ಪೌಲನ ಒಡ್ಡಿದ ಕೈಯೂ ಮಾರಯ್ಯನ ಹೊರೆಯೂ ಕೂಡಿವೆ ಎನ್ನಬಹುದು.

ಚನ್ನಪ್ಪನವರು ಮರಾಠಿಯ ಕ್ರೈಸ್ತಕವಿ ನಾರಾಯಣ ವಾಮನ ಟಿಳಕರ ಚರಿತ್ರೆಯನ್ನೂ ಕನ್ನಡದಲ್ಲಿ ಬರೆದರು. ಬ್ರಾಹ್ಮಣರಾಗಿ ಹುಟ್ಟಿ 1895ರಲ್ಲಿ ಕ್ರೈಸ್ತರಾದ ಟಿಳಕರು 1917ರಲ್ಲಿ ಮಿಶನ್ನಿನ ಸಂಬಳವನ್ನು ಬಿಟ್ಟು ಸಂನ್ಯಾಸವನ್ನು ಸ್ವೀಕರಿಸಿದರು. ಪಾಶ್ಚಾತ್ಯರ ಕೈಯಿಂದ ಬಂದ ಧರ್ಮಕ್ಕೆ ಈ ನಾಡಿನ ಅಪರಿಗ್ರಹದ ಉಡುಪನ್ನು ತೊಡಿಸಿದ ಆ ತ್ಯಾಗವು ವಂದ್ಯವೇ. ಆದರೆ ಅವರ ಪತ್ನಿ ಲಕ್ಷ್ಮೀಬಾಯಿಯವರ ‘ಸ್ಮೃತಿಚಿತ್ರೆ’ಯನ್ನು ಓದಿದವರಿಗೆ ಚಿತ್ರದ ಇನ್ನೊಂದು ಮೈಯು ಕಾಣುವದು. ಕೈಗೆ ಬಂದ ಹಣವು ದಾರಿಯಲ್ಲಿ ಕಂಡವರ ಪಾಲಾದರೆ ಮನೆಯಲ್ಲಿ ಒಲೆ ಹೊತ್ತಿಸುವ ಚಿಂತೆಯು ಹೆಂಡತಿಯ ಪಾಲಿಗೆ. ಆ ತಾಯಿಯು ಇದನ್ನು ಕಣ್ಣೀರಿನಿಂದ ಬರೆಯಲಿಲ್ಲ, ನಗುತ್ತ ಬರೆದಳು. ಅದರಿಂದಲೇ ಓದುವವನ ಮನಸ್ಸು ಹೆಚ್ಚು ಚುಚ್ಚಿಕೊಳ್ಳುವದು. ಲಕ್ಕಮ್ಮನ ಮನೆಯಲ್ಲಿ ಹೆಚ್ಚು ಬೇಡವೆಂದು ಹೇಳುವ ಅಧಿಕಾರವು ಹೆಂಡತಿಯದಾಗಿತ್ತು. ಟಿಳಕರ ಮನೆಯಲ್ಲಿ ಸಾಕೆಂದು ತೀರ್ಮಾನಿಸಿದವರು ಗಂಡ. ಸಾಲದ್ದನ್ನು ಸರಿದೂಗಿಸಿದವಳು ಹೆಂಡತಿ. ಲೂಕನ ಧನಿಕನ ಕಥೆಯಲ್ಲಿ ಹೆಂಗಸೊಬ್ಬಳೂ ಇಲ್ಲವೆಂದು ಮೇಲೆ ಹೇಳಿದ್ದು ಇಲ್ಲಿ ನೆನಪಿಗೆ ಬರುತ್ತದೆ. ಜಕ್ಕಾಯನು ಅರ್ಧವನ್ನು ಕೊಡುವೆನೆಂದ ದಿನ ಅವನ ಮನೆಯೊಳಗಿಂದ ಯಾರಾದರೂ ಏನಾದರೂ ಅಂದರೋ ಎಂಬುದನ್ನೂ ಲೂಕನು ಬರೆದಿಟ್ಟಿಲ್ಲ.